ಹೋಟೆಲಿಗೆ ಹೆಸರು ಕೊಡುವವರು ಗಿರಾಕಿಗಳು

ಯಾವ ಹೋಟೆಲಿನ ಗೋಳಿಬಜೆ ಗರಿಗರಿ, ಎಲ್ಲಿಯ ಬನ್ಸ್ ಮೆತ್ತಗೆ, ಯಾರ ಚಹಾಕ್ಕೆ ಹದವಿದೆ? ಕನ್ಯಾನ, ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡು ಮೊದಲಾದ ಬಂಟ್ವಾಳ ತಾಲೂಕಿನ ಪೇಟೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಯಾರೂ ಪುಸ್ತಕ ತೆರೆದವರಲ್ಲ. ನಾಲ್ಕು ಮಂದಿ ಸ್ನೇಹಿತರು ಒಟ್ಟಿಗೆ ಹೋದರು, ತಿಂದರು, ಹೊರಗೆ ಬಂದು ಎಲೆಯಡಿಕೆ ಹಾಕಿಕೊಳ್ಳುತ್ತ ತೀರ್ಪು ಹೇಳಿದರು. ಮರುದಿನ ಆ ತೀರ್ಪು ಬಸ್ಸಿನಲ್ಲಿ, ಸಂತೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ ಹರಡಿತು. ‘ಅಲ್ಲಿಗೆ ಹೋದರೆ ಅದನ್ನೇ ತಿನ್ನಬೇಕು’ ಎಂಬ ಒಂದು ಮಾತು ಎಷ್ಟೋ ಹೋಟೆಲುಗಳನ್ನು ಬೆಳೆಸಿದೆ. ‘ಈಗ ಮೊದಲಿನ ಹಾಗಿಲ್ಲ’ ಎಂಬ ಇನ್ನೊಂದು ಮಾತು ಕೆಲವನ್ನು ಮುಚ್ಚಿಸಿಯೂ ಇದೆ.

ಊರಿನ ಹೋಟೆಲುಗಳನ್ನು ಗೆಳೆಯರೊಡನೆ ಸುತ್ತಿ ರುಚಿ ನೋಡುವುದು ಇಂದಿನ ಯುವಕರ ಹೊಸ ಹವ್ಯಾಸ ಎಂದು ಅನೇಕರು ತಿಳಿದಿದ್ದಾರೆ. ಹವ್ಯಾಸ ಹೊಸದಲ್ಲ. ಆದರೆ ಅದು ಎಲ್ಲರಿಗೂ ಸಾಧ್ಯವಾದದ್ದು ಮಾತ್ರ ತೀರಾ ಇತ್ತೀಚೆಗೆ. ನಾಲ್ಕು ಮಂದಿ ಒಂದೇ ಮೇಜಿನ ಸುತ್ತ ಕುಳಿತು ಒಂದೇ ತಟ್ಟೆಯ ಗೋಳಿಬಜೆಗೆ ಕೈ ಹಾಕುವುದರ ಹಿಂದೆ ಒಂದು ಶತಮಾನದ ಸಾಮಾಜಿಕ ಇತಿಹಾಸವಿದೆ.

ಒಂದು ಗ್ಲಾಸಿನ ಖ್ಯಾತಿ

ಮೊದಲಿಗೆ ಕಲ್ಲಡ್ಕದ ಉದಾಹರಣೆ ನೋಡೋಣ. ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಬಿ.ಸಿ. ರೋಡು ದಾಟಿದ ಮೇಲೆ ಸಿಗುವ ಈ ಪೇಟೆಯಿಂದಲೇ ವಿಟ್ಲದ ಕಡೆಗೆ ರಸ್ತೆ ಕವಲೊಡೆಯುತ್ತದೆ. ಕನ್ಯಾನ, ಅಳಿಕೆ, ಸಾರಡ್ಕದ ಕಡೆಯವರು ಹೆದ್ದಾರಿಗೆ ಬಂದು ಸೇರುವ ಜಾಗಗಳಲ್ಲಿ ಇದೂ ಒಂದು. ಇಲ್ಲಿ 1952ರಲ್ಲಿ ಲಕ್ಷ್ಮೀನಾರಾಯಣ ಹೊಳ್ಳರು ‘ಲಕ್ಷ್ಮೀ ನಿವಾಸ’ ಎಂಬ ಹೋಟೆಲು ತೆರೆದರು. ಫಲಕದ ಮೇಲೆ ಆ ಹೆಸರಿದ್ದರೂ ಜನರ ಬಾಯಲ್ಲಿ ಅದು ‘ಕೆ.ಟಿ. ಹೋಟೆಲು’. ಕೆ.ಟಿ. ಎಂದರೆ ಕಲ್ಲಡ್ಕ ಟೀ.

ಈ ಚಹಾದ ವಿಶೇಷ ಕಣ್ಣಿಗೇ ಕಾಣುತ್ತದೆ. ಗಾಜಿನ ಲೋಟದಲ್ಲಿ ಕೆಳಗೆ ಬಿಳಿಯ ಹಾಲು, ಮೇಲೆ ಕಂದು ಬಣ್ಣದ ಡಿಕಾಕ್ಷನ್. ನಡುವೆ ಗೆರೆ ಎಳೆದಂತೆ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಇದರಲ್ಲಿ ಮಾಟವೇನೂ ಇಲ್ಲ. ಸಕ್ಕರೆ ಬೆರೆಸಿದ ಗಟ್ಟಿ ಹಾಲು ಸಕ್ಕರೆಯಿಲ್ಲದ ಡಿಕಾಕ್ಷನ್‌ಗಿಂತ ಭಾರ. ಆದ್ದರಿಂದ ಹಾಲನ್ನು ಮೊದಲು ಹಾಕಿ ಅದರ ಮೇಲೆ ಡಿಕಾಕ್ಷನ್ ಅನ್ನು ನಿಧಾನವಾಗಿ ಇಳಿಸಿದರೆ ಅದು ತೇಲಿ ನಿಲ್ಲುತ್ತದೆ. ಕೈ ಸ್ವಲ್ಪ ಜೋರಾದರೆ ಎರಡೂ ಬೆರೆತು ಸಾಮಾನ್ಯ ಚಹಾ ಆಗಿಬಿಡುತ್ತದೆ. ಕಲಸುವ ಕೆಲಸ ಗಿರಾಕಿಯದು. ಕೆಲವರು ಪೂರ್ತಿ ಕಲಸುತ್ತಾರೆ. ಮೇಲಿನ ಕಹಿಯನ್ನು ಮೊದಲು ಹೀರಿ ಕೊನೆಗೆ ಸಿಹಿ ಹಾಲಿಗೆ ಇಳಿಯುವವರೂ ಇದ್ದಾರೆ. ಹೀಗಾಗಿ ಒಂದೇ ಮೇಜಿನಲ್ಲಿ ಕುಳಿತ ನಾಲ್ವರು ನಾಲ್ಕು ಬಗೆಯ ಚಹಾ ಕುಡಿದು ಏಳಬಹುದು.

ಇಂದು ಜಿಲ್ಲೆಯ ಎಷ್ಟೋ ಪೇಟೆಗಳ ಹೋಟೆಲುಗಳಲ್ಲಿ ‘ಕೆ.ಟಿ. ಸಿಗುತ್ತದೆ’ ಎಂಬ ಬರಹ ಕಾಣುತ್ತದೆ. ಊರಿನ ಹೆಸರು ಒಂದು ಪಾನೀಯದ ಹೆಸರಾಗಿ ಬೇರೆ ಊರುಗಳ ಫಲಕ ಏರಿದ್ದು ದೊಡ್ಡ ಜಾಹೀರಾತಿನಿಂದಲ್ಲ. ಬಸ್ಸು, ಲಾರಿ, ಕಾರು ನಿಲ್ಲಿಸಿ ಕುಡಿದವರು ಮುಂದಿನ ಊರಿನಲ್ಲಿ ಹೇಳಿದ್ದರಿಂದ.

ದಾರಿ ಇದ್ದಲ್ಲಿ ಹೋಟೆಲು

ನೂರು ವರ್ಷಗಳ ಹಿಂದೆ ದಕ್ಷಿಣ ಕನ್ನಡದ ಹಳ್ಳಿಗರಿಗೆ ಹೋಟೆಲು ಬೇಕಾಗಿರಲಿಲ್ಲ. ಪ್ರಯಾಣ ಕಡಿಮೆ, ಹೋದರೆ ನೆಂಟರ ಮನೆ, ದೇವಸ್ಥಾನ, ಇಲ್ಲವೇ ಬುತ್ತಿ. ಮನೆಯ ಹೊರಗೆ, ಯಾರು ಬೇಯಿಸಿದ್ದೆಂದು ತಿಳಿಯದ ಅನ್ನ ತಿನ್ನುವುದು ಮಡಿವಂತರ ಕಣ್ಣಿಗೆ ತಪ್ಪು, ಉಳಿದವರ ಕಣ್ಣಿಗೆ ದುಂದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮಂಗಳೂರಿನಿಂದ ಒಳನಾಡಿಗೆ ಮೋಟಾರು ಬಸ್ಸು ಓಡತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಬಸ್ಸು ನಿಂತಲ್ಲಿ ಜನ ಇಳಿದರು, ಇಳಿದವರಿಗೆ ಹಸಿವಾಯಿತು, ಹಸಿದವರಿಗಾಗಿ ಮುಳಿಹುಲ್ಲಿನ ಮಾಡಿನ ಕೆಳಗೆ ಒಲೆ ಹೊತ್ತಿತು. ಪೇಟೆಗಳ ಹಳೆಯ ಹೋಟೆಲುಗಳು ಹೆಚ್ಚಾಗಿ ಬಸ್ಸು ನಿಲ್ಲುವ ಕಟ್ಟೆಯ ಎದುರಿಗೇ ಇರುವುದು ಇದೇ ಕಾರಣಕ್ಕೆ.

ಇದೇ ಕಾಲದಲ್ಲಿ ಜಿಲ್ಲೆಯ ಅಡುಗೆಯವರು ದೂರದ ನಗರಗಳಿಗೂ ಹೊರಟರು. ಸಣ್ಣ ಹಿಡುವಳಿ, ದೊಡ್ಡ ಸಂಸಾರ, ಊರಲ್ಲಿ ಕೆಲಸವಿಲ್ಲ. ಇದರ ಮೇಲೆ 1923ರ ಮಹಾಪ್ರವಾಹ ಬಂತು. ‘ಮಾರಿಬೊಳ್ಳ’ ಎಂದು ತುಳುವರು ಇಂದಿಗೂ ನೆನೆಯುವ ಆ ನೆರೆ ಬಂಟ್ವಾಳ ಪೇಟೆಯನ್ನೂ ಮುಳುಗಿಸಿತ್ತು. ಈಗಿನ ಮೂಡುಬಿದಿರೆ ತಾಲೂಕಿನ ಕಡಂದಲೆಯ ಕೃಷ್ಣರಾಯರು ಬಡತನದಿಂದಾಗಿ ಹುಡುಗನಾಗಿದ್ದಾಗಲೇ ಉಡುಪಿಯ ಮಠದ ಅಡುಗೆಮನೆಯಲ್ಲಿ ದುಡಿದು, ಆಮೇಲೆ ಮದರಾಸು ಸೇರಿದರು. 1920ರ ದಶಕದಲ್ಲಿ ಅಲ್ಲಿನ ಮೌಂಟ್ ರೋಡಿನಲ್ಲಿ ‘ಉಡುಪಿ ಶ್ರೀಕೃಷ್ಣ ವಿಲಾಸ’, 1938ರಲ್ಲಿ ‘ವುಡ್‌ಲ್ಯಾಂಡ್ಸ್’ ತೆರೆದರು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನ ಆರಂಭ 1924ರಲ್ಲಿ. ಅದನ್ನು ಕಟ್ಟಿದ ಮಯ್ಯ ಸಹೋದರರು ಕೋಟದ ಬಳಿಯ ಪಾರಂಪಳ್ಳಿಯವರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ಬಂದದ್ದು 1942ರಲ್ಲಿ. ‘ಉಡುಪಿ ಹೋಟೆಲು’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು.

ಮೇಜಿನ ಸುತ್ತ ಯಾರು?

ಆರಂಭದ ಹೋಟೆಲುಗಳಲ್ಲಿ ಒಲೆಯ ಮುಂದೆ ಬ್ರಾಹ್ಮಣರೇ ಇದ್ದದ್ದಕ್ಕೆ ಒಂದು ಲೆಕ್ಕಾಚಾರವಿತ್ತು. ಬ್ರಾಹ್ಮಣ ಬೇಯಿಸಿದ್ದನ್ನು ಹೆಚ್ಚಿನ ಜಾತಿಗಳವರು ತಿನ್ನಲು ಒಪ್ಪುತ್ತಿದ್ದರು. ಆದರೆ ಜತೆಗೆ ಕುಳಿತು ತಿನ್ನಲು ಎಲ್ಲರೂ ಒಪ್ಪುತ್ತಿರಲಿಲ್ಲ. ಹೀಗಾಗಿ ಮದರಾಸು ಪ್ರಾಂತದ ಅನೇಕ ಹೋಟೆಲುಗಳಲ್ಲಿ, ರೈಲು ನಿಲ್ದಾಣಗಳ ಊಟದ ಕೋಣೆಗಳಲ್ಲಿ ಸಹ, ಬ್ರಾಹ್ಮಣರಿಗೆ ಬೇರೆ ಜಾಗವಿರುತ್ತಿತ್ತು. 1956ರವರೆಗೆ ದಕ್ಷಿಣ ಕನ್ನಡ ಇದ್ದದ್ದು ಮದರಾಸಿನ ಆಡಳಿತದಲ್ಲೇ.

ದಲಿತರಿಗೆ ಒಳಗೆ ಜಾಗವೇ ಇರಲಿಲ್ಲ. ಅಂಗಳದಲ್ಲಿ ನಿಂತವರಿಗೆ ತೆಂಗಿನ ಗೆರಟೆಯಲ್ಲಿ ಚಹಾ ಎರೆಯುತ್ತಿದ್ದ ಪದ್ಧತಿ ಈ ಜಿಲ್ಲೆಯಲ್ಲಿತ್ತು. ದುಡ್ಡು ಎಲ್ಲರದ್ದೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಲೋಟ ಮಾತ್ರ ಬೇರೆ. ಗೆರಟೆಯಲ್ಲಿ ಕುಡಿದವನು ಚಹಾದ ಹದದ ಬಗ್ಗೆ ಅಭಿಪ್ರಾಯ ಹೇಳಿದರೆ ಕೇಳುವವರಾದರೂ ಯಾರಿದ್ದರು? ರುಚಿಯ ತೀರ್ಪು ಕೊಡುವ ಅಧಿಕಾರ ಒಳಗೆ ಕುಳಿತವರಿಗೆ ಮಾತ್ರ ಸೇರಿತ್ತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಲ್ಲಿಗೆ ಬಾರದಂತೆ ತಡೆಯಬಾರದು ಎಂದು ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿನ ಪ್ರವೇಶವನ್ನಷ್ಟೇ ಅಲ್ಲ, ಅಲ್ಲಿನ ಪಾತ್ರೆ ಬಳಸಲು ಬಿಡದಿರುವುದನ್ನೂ ಶಿಕ್ಷೆಗೆ ಒಳಪಡಿಸಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಿಸಲಾಯಿತು. ದೇಶದ ಮೂಲ ಕಾನೂನಿನಲ್ಲೇ ಹೋಟೆಲಿನ ಪ್ರಸ್ತಾಪ ಬರಬೇಕಾದರೆ ಅಲ್ಲಿ ನಡೆಯುತ್ತಿದ್ದ ಅವಮಾನ ಎಷ್ಟಿರಬೇಕು ಎಂದು ಊಹಿಸಬಹುದು.

ಕಾನೂನು ಬಂದ ಮಾತ್ರಕ್ಕೆ ಮರುದಿನವೇ ಎಲ್ಲರೂ ಒಂದೇ ಬೆಂಚಿಗೆ ಬರಲಿಲ್ಲ. ಬದಲಾವಣೆಗೆ ಬಸ್ಸೂ ಶಾಲೆ–ಕಾಲೇಜೂ ನೆರವಾದವು. ಬಸ್ಸು ಹತ್ತು ನಿಮಿಷ ನಿಲ್ಲುವ ಜಾಗದಲ್ಲಿ ಇಳಿದವರ ಜಾತಿ ವಿಚಾರಿಸುತ್ತ ನಿಂತರೆ ವ್ಯಾಪಾರ ನಡೆಯುವುದಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, ಮೂಡುಬಿದಿರೆಯಲ್ಲಿ 1965ರಲ್ಲಿ ಮಹಾವೀರ ಕಾಲೇಜು, ಉಜಿರೆಯಲ್ಲಿ 1966ರಲ್ಲಿ ಎಸ್.ಡಿ.ಎಂ. ಕಾಲೇಜು ಬಂದವು. ಒಂದೇ ಬೆಂಚಿನಲ್ಲಿ ಪಾಠ ಕೇಳಿದವರು ತರಗತಿ ಬಿಟ್ಟ ಮೇಲೆ ಒಂದೇ ಮೇಜಿಗೆ ಬಂದರು. ಮನೆಯ ಜಗಲಿಯಲ್ಲಿ ಒಟ್ಟಿಗೆ ಕುಳಿತು ಉಣ್ಣಲಾಗದ ಗೆಳೆಯರಿಗೆ ಹೋಟೆಲು ಒಂದು ನಡುಮನೆಯಾಯಿತು. ಇಂದು ‘ಗೆಳೆಯರ ಬಳಗ’ ಎನ್ನುವುದು ಹೀಗೆ ರೂಪುಗೊಂಡದ್ದು.

ಹಲವು ನಾಲಗೆಗಳ ಲಾಭ

ಕನ್ಯಾನದಂಥ ಗಡಿಯೂರಿನಲ್ಲಿ ಇದರಿಂದ ರುಚಿಗೂ ಲಾಭವಾಗಿದೆ. ಇಲ್ಲಿ ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದೊಂದು ಮನೆಗೆ ಒಂದೊಂದು ಅಡುಗೆ. ಸಜ್ಜಿಗೆ–ಬಜಿಲ್ ಅಂದರೆ ಉಪ್ಪಿಟ್ಟಿನ ಜತೆ ಖಾರದ ಅವಲಕ್ಕಿ. ಅದು ತಿಂಡಿಯೇ ಎಂದು ಘಟ್ಟದ ಮೇಲಿನವರು ಹುಬ್ಬೇರಿಸಬಹುದು. ನೀರುದೋಸೆ, ಪುಂಡಿ, ಕೋರಿ–ರೊಟ್ಟಿ, ಬಂಗುಡೆ ಪುಳಿಮುಂಚಿ ಇಲ್ಲಿಯವು. ಗಡಿ ದಾಟಿದರೆ ಪುಟ್ಟು–ಕಡಲೆ, ಪೊರೋಟ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ತಿಂಡಿಗಳು ಆ ಗೆರೆಯನ್ನು ಲೆಕ್ಕಕ್ಕಿಟ್ಟಿಲ್ಲ.

ಇಂಥಲ್ಲಿ ಒಬ್ಬನೇ ಹೋಗಿ ತೀರ್ಪು ಕೊಡುವುದು ಕಷ್ಟ. ಒಂದು ಹೊಟ್ಟೆಗೆ ಎರಡು ತಿಂಡಿಗಿಂತ ಹೆಚ್ಚು ಹಿಡಿಯದು. ನಾಲ್ವರು ಹೋದರೆ ಎಂಟು ಬಗೆಯನ್ನು ಹಂಚಿ ನೋಡಬಹುದು. ತೆಂಗಿನೆಣ್ಣೆಯ ಪರಿಮಳ ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಅತಿ. ಒಬ್ಬನ ಇಷ್ಟ ಯಾವುದು, ಹೋಟೆಲಿನ ಗುಣ ಯಾವುದು ಎಂಬುದು ಚರ್ಚೆಯಲ್ಲೇ ಬೇರ್ಪಡುತ್ತದೆ.

ಹೊರದೇಶಗಳಲ್ಲೂ ಈ ವಿದ್ಯೆ ಹೀಗೆಯೇ ಬೆಳೆಯಿತು. ಫ್ರಾನ್ಸಿನ ಮಿಶೆಲಿನ್ ಟಯರ್ ಕಂಪೆನಿ 1900ರಲ್ಲಿ ಪ್ರಯಾಣಿಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಜನ ಹೆಚ್ಚು ಸುತ್ತಿದರೆ ಟಯರ್ ಹೆಚ್ಚು ಸವೆಯುತ್ತದೆ ಎಂಬುದು ಉದ್ದೇಶ. 1926ರಿಂದ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿತು. ಮುಂದೆ ಎರಡು ನಕ್ಷತ್ರಕ್ಕೆ ದಾರಿ ಬಳಸಿಯಾದರೂ ಹೋಗಬಹುದು, ಮೂರಕ್ಕೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು ಎಂಬ ಅರ್ಥ ಬಂತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ 1957ರಲ್ಲಿ ಆಹಾರ ವಿಭಾಗದ ಸಂಪಾದಕನಾಗಿ ಬಂದ ಕ್ರೇಗ್ ಕ್ಲೇಬೋರ್ನ್ ಹೋಟೆಲು ವಿಮರ್ಶೆಗೆ ಶಿಸ್ತು ತಂದ: ಒಂದೇ ಭೇಟಿಯಿಂದ ತೀರ್ಮಾನಿಸಬಾರದು, ಜತೆಗೆ ಇತರರನ್ನು ಕರೆದೊಯ್ದು ಹಲವು ಬಗೆ ತಿಂದು ನೋಡಬೇಕು, ಬಿಲ್ಲನ್ನು ಪತ್ರಿಕೆಯೇ ಕೊಡಬೇಕು. ಕಲ್ಲಡ್ಕದಲ್ಲಿ ಬಸ್ಸಿಳಿದವರೂ ಈ ನಿಯಮಗಳನ್ನು ಓದದೆಯೇ ಪಾಲಿಸುತ್ತಿದ್ದರು. ಚಹಾಕ್ಕಾಗಿ ದಾರಿ ಬಳಸಿದರು, ಮತ್ತೆ ಮತ್ತೆ ಬಂದರು, ದುಡ್ಡನ್ನೂ ತಾವೇ ಕೊಟ್ಟರು.

ಹದ ನೋಡುವುದು ಹೇಗೆ?

ಅನುಭವಿಗಳ ಪರೀಕ್ಷೆಗಳು ಸರಳ. ಗೋಳಿಬಜೆ ಮೈದಾ, ಹುಳಿ ಮೊಸರು, ಸೋಡದ ಹಿಟ್ಟಿನದು. ಬಿಸಿ ಇದ್ದಾಗ ಹೊರಗೆ ಗರಿ, ಒಳಗೆ ಮೃದು; ತಣಿದರೆ ರಬ್ಬರಿನಂತೆ. ಆದ್ದರಿಂದ ಬಾಣಲೆಯಿಂದ ತೆಗೆದ ತಕ್ಷಣ ತಿಂದು ಹೇಳಬೇಕೇ ಹೊರತು ಕಪಾಟಿನಲ್ಲಿ ಕುಳಿತದ್ದನ್ನು ನೋಡಿ ಅಲ್ಲ. ಬನ್ಸ್‌ಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಬೇಕು, ಕಲಸಿದ ಹಿಟ್ಟು ಕೆಲವು ಗಂಟೆ ನೆನೆಯಬೇಕು. ಅವಸರ ಮಾಡಿದರೆ ಉಬ್ಬುವುದಿಲ್ಲ. ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಬೆಳಗಿನ ಚಟ್ನಿಯನ್ನೇ ಸಂಜೆಗೂ ಬಡಿಸುವ ಹೋಟೆಲು ಅಲ್ಲೇ ಸಿಕ್ಕಿಬೀಳುತ್ತದೆ. ಎಣ್ಣೆ ಹಳೆಯದೇ ಎಂಬುದನ್ನು ಮೂಗೇ ಹೇಳುತ್ತದೆ. ಕುಡಿಯುವ ನೀರಿನ ಲೋಟ, ಕೈ ತೊಳೆಯುವ ಜಾಗ ನೋಡಿದರೆ ಅಡುಗೆಮನೆ ನೋಡಿದಂತೆಯೇ.

ಇಂದು ತೀರ್ಪು ಬಾಯಿಂದ ಮೊಬೈಲಿಗೆ ಬಂದಿದೆ. ಐದರಲ್ಲಿ ಎಷ್ಟು ನಕ್ಷತ್ರ ಎಂದು ಬೆರಳು ಒತ್ತಿದರೆ ಮುಗಿಯಿತು. ಲಾಭವಿದೆ: ಪರವೂರಿನವರಿಗೂ ಹಳ್ಳಿಯ ಹೋಟೆಲಿನ ದಾರಿ ತಿಳಿಯುತ್ತದೆ. ಅಪಾಯವೂ ಇದೆ. ಮೊದಲು ತೀರ್ಪು ಹೇಳಿದವನನ್ನು ಮರುದಿನ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕಾಣಬಹುದಿತ್ತು. ಈಗ ಒಮ್ಮೆ ಬಂದು ಹೋದವನು ಹೆಸರಿಲ್ಲದೆ ಬರೆದ ಒಂದು ಸಾಲು ಅಲ್ಲೇ ಉಳಿಯುತ್ತದೆ. ಒಂದು ಒಲೆ, ಇಬ್ಬರು ಮಾಣಿಗಳ ಮೇಲೆ ನಡೆಯುವ ಹೋಟೆಲಿಗೆ ಜಾತ್ರೆಯ ದಿನ ತಡವಾದದ್ದು ಶಾಶ್ವತ ದೋಷವಾಗಿ ದಾಖಲಾಗಬಾರದು. ದೋಷವಿದ್ದರೆ ಮೊದಲು ಯಜಮಾನನಿಗೇ ಹೇಳುವುದು, ಇನ್ನೊಮ್ಮೆ ಹೋಗಿ ನೋಡುವುದು ಹಳೆಯ ಮರ್ಯಾದೆ. ಅದಕ್ಕೆ ಈಗಲೂ ಬೆಲೆಯಿದೆ.

ರಸ್ತೆಗಳೂ ಬದಲಾಗಿವೆ. ಬಿ.ಸಿ. ರೋಡಿನಿಂದ ಅಡ್ಡಹೊಳೆಯತ್ತ ಹೆದ್ದಾರಿ ಅಗಲವಾಗಿದೆ, ಕಲ್ಲಡ್ಕದ ಪೇಟೆಯ ಮೇಲೆ ಮೇಲ್ಸೇತುವೆ ಎದ್ದಿದೆ. ಮೇಲೆ ಹೋಗುವ ವಾಹನಕ್ಕೆ ಕೆಳಗಿನ ಹೋಟೆಲು ಕಾಣುವುದಿಲ್ಲ. ಬಸ್ಸು ನಿಂತದ್ದರಿಂದ ಹುಟ್ಟಿದ ಹೋಟೆಲುಗಳು ವಾಹನ ನಿಲ್ಲದ ಕಾಲದಲ್ಲಿ ಉಳಿಯಬೇಕಾದರೆ, ಬೇಕೆಂದೇ ಕೆಳಗಿಳಿದು ಬರುವ ಗಿರಾಕಿಗಳು ಬೇಕು. ಗೆಳೆಯರ ಬಳಗಗಳ ಒಳ್ಳೆಯ ಮಾತಿಗೆ ಈಗ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿರುವುದು ಹೀಗೆ. ಆ ಮಾತು ಪ್ರಾಮಾಣಿಕವಾಗಿರಲಿ. ಅದನ್ನು ಆಡುವ ಮೇಜಿನ ಸುತ್ತ ಊರಿನ ಎಲ್ಲರಿಗೂ ಜಾಗವಿರಲಿ.