ಕೂದಲಿನ ಬಣ್ಣದ ಆಯ್ಕೆ: ಎಳೆ, ಅಂಕಿ ಮತ್ತು ಹೆಸರು

ಗದ್ವಾಲದ ಸೀರೆಯಲ್ಲಿ ಒಡಲು ಹತ್ತಿಯದು. ಅಂಚು ಮತ್ತು ಸೆರಗು ರೇಷ್ಮೆಯವು. ಇವೆರಡನ್ನೂ ಹೆಣೆದು ಕೂಡಿಸುವ ನೇಯ್ಗೆಗೆ ಕುಪ್ಪಡಂ ಎಂಬ ಹೆಸರಿದೆ. ನೂಲಿಗೆ ಬಣ್ಣ ಹಾಕುವವರು ಈ ಎರಡು ಎಳೆಗಳನ್ನು ಒಂದೇ ಬಗೆಯಾಗಿ ನಡೆಸಿಕೊಳ್ಳಲಾರರು. ಹತ್ತಿ ಸಸ್ಯಮೂಲದ ಸೆಲ್ಯುಲೋಸ್, ರೇಷ್ಮೆ ಪ್ರಾಣಿಮೂಲದ ಪ್ರೋಟೀನು. ರೇಷ್ಮೆಯು ಬಿಗಿಯಾಗಿ ಹಿಡಿದುಕೊಳ್ಳುವ ಆಮ್ಲವರ್ಣಗಳು ಹತ್ತಿಯ ಮೇಲೆ ನಿಲ್ಲದೆ ತೊಳೆದುಹೋಗುತ್ತವೆ. ಎಳೆ ಯಾವುದೆಂದು ತಿಳಿದ ಮೇಲೆಯೇ ಬಣ್ಣದ ಮಾತು.

ಮನುಷ್ಯನ ಕೂದಲು ಕೂಡ ರೇಷ್ಮೆಯಂತೆ ಪ್ರೋಟೀನಿನ ಎಳೆ. ಅದರ ಹೆಸರು ಕೆರಾಟಿನ್. ನಾರಾಯಣಪೇಟೆ, ಮಕ್ತಲ, ಗದ್ವಾಲಗಳಂಥ ನೇಕಾರಿಕೆಯ ಸೀಮೆಯಲ್ಲಿ ಸಲೂನಿನ ಕುರ್ಚಿಯಲ್ಲಿ ಕುಳಿತವರು ನೂಲಿನ ಈ ನಿಯಮವನ್ನು ಕೂದಲಿಗೂ ಅನ್ವಯಿಸಿಕೊಂಡರೆ ಅರ್ಧ ಆಯ್ಕೆ ಮುಗಿದಂತೆಯೇ. ಶೇಡ್ ಕಾರ್ಡಿನಲ್ಲಿ ಅಂಟಿಸಿದ ಮಾದರಿಯ ಬಣ್ಣ ಆ ಮಾದರಿಯ ಎಳೆಯ ಮೇಲೆ ಮೂಡಿದ ಬಣ್ಣ. ಅದೇ ಬಣ್ಣ ಕಡುಗಪ್ಪು ಕೂದಲಿನ ಮೇಲೆ ಒಂದು ರೀತಿ, ನರೆತ ಕೂದಲಿನ ಮೇಲೆ ಮತ್ತೊಂದು ರೀತಿ, ಮದರಂಗಿ ಮೆತ್ತಿದ ಕೂದಲಿನ ಮೇಲೆ ಮೂರನೆಯ ರೀತಿ ಕಾಣುತ್ತದೆ.

ಸಲೂನುಗಳು ಬಳಸುವ ಕಾಯಂ ಬಣ್ಣದ ಕೆಲಸ ಎರಡು ಹಂತದ್ದು. ಅಮೋನಿಯಾದಂಥ ಕ್ಷಾರವು ಕೂದಲಿನ ಹೊರಪದರದ ಹುರುಪೆಗಳನ್ನು ಸಡಿಲಿಸುತ್ತದೆ. ಬಣ್ಣವಿಲ್ಲದ ಸಣ್ಣ ಅಣುಗಳು ಒಳಹೊಕ್ಕು, ಹೈಡ್ರೊಜನ್ ಪೆರಾಕ್ಸೈಡಿನ ಸಂಗದಲ್ಲಿ ಪರಸ್ಪರ ಕೂಡಿಕೊಂಡು, ಹೊರಬರಲಾರದಷ್ಟು ದೊಡ್ಡ ಬಣ್ಣದ ಅಣುಗಳಾಗುತ್ತವೆ. ಈ ಸಣ್ಣ ಅಣುಗಳಲ್ಲಿ ಮುಖ್ಯವಾದುದು ಪ್ಯಾರಾಫಿನೈಲಿನ್‌ಡೈಅಮೀನ್, ಸಂಕ್ಷೇಪದಲ್ಲಿ ಪಿಪಿಡಿ. ಕೂದಲಿಗೆ ಇದನ್ನು ಬಳಸುವ ಹಕ್ಕುಪತ್ರ ಫ್ರಾನ್ಸಿನಲ್ಲಿ 1883ರಲ್ಲಿಯೇ ದಾಖಲಾಗಿತ್ತು. ಪೆರಾಕ್ಸೈಡ್ ಬೆರೆತ ದ್ರವವನ್ನು ಸಲೂನಿನವರು ಡೆವಲಪರ್ ಎನ್ನುತ್ತಾರೆ. ಅದರ 10 ವಾಲ್ಯೂಮ್ ಎಂದರೆ ಶೇಕಡ 3, 20 ಎಂದರೆ 6, 30 ಎಂದರೆ 9, 40 ಎಂದರೆ 12. ನರೆ ಮುಚ್ಚಲು ಸಾಮಾನ್ಯವಾಗಿ 20 ಸಾಕು. ಶಕ್ತಿ ಹೆಚ್ಚಿದಷ್ಟೂ ಸಹಜವರ್ಣ ಹೆಚ್ಚು ಕಳೆಯುತ್ತದೆ, ಎಳೆಯೂ ಹೆಚ್ಚು ಬಡವಾಗುತ್ತದೆ.

ಈಗ ಅಂಕಿಗಳ ವಿಷಯ. ಶೇಡಿನ ಮೊದಲ ಅಂಕಿ ಗಾಢತೆಯನ್ನು ಹೇಳುತ್ತದೆ: 1 ಕಪ್ಪು, 4 ಕಂದು, 5 ತಿಳಿಗಂದು, 10 ಅತ್ಯಂತ ತಿಳಿಯಾದ ಹೊಂಬಣ್ಣ. ಚುಕ್ಕೆಯ ನಂತರದ ಅಂಕಿ ಬಣ್ಣದ ಛಾಯೆಯನ್ನು ಹೇಳುತ್ತದೆ, ಅನೇಕ ಕಂಪನಿಗಳಲ್ಲಿ.3 ಹೊನ್ನಿನ ಛಾಯೆ, .4 ತಾಮ್ರದ ಛಾಯೆ. ನಾವು ಕಪ್ಪೆಂದು ಕರೆಯುವ ಕೂದಲು ಬಿಸಿಲಿನಲ್ಲಿ ನೋಡಿದರೆ ಹಲವು ವೇಳೆ ಕಡುಗಂದು. ಅದರ ಅಂಕಿ 2 ಅಥವಾ 3. ನರೆ ಮುಚ್ಚಬೇಕೆಂದು ನೇರವಾಗಿ 1ನ್ನು ಕೇಳಿ ಪಡೆದವರ ತಲೆ ಟೋಪಿ ಇಟ್ಟಂತೆ ಕಾಣುವುದಕ್ಕೆ ಕಾರಣ ಇದೇ. ವಯಸ್ಸಾದ ಮುಖಕ್ಕೆ 3 ಅಥವಾ 4 ಹೆಚ್ಚು ಒಪ್ಪುತ್ತದೆ.

ಕಪ್ಪು ಕೂದಲಿನವರು 7 ಅಥವಾ 8ನೆಯ ಶೇಡನ್ನು ಬಯಸಿದರೆ ಬರಿಯ ಬಣ್ಣದಿಂದ ಅದು ಬಾರದು. ಮೊದಲು ಬ್ಲೀಚ್ ಮಾಡಬೇಕಾಗುತ್ತದೆ. ಆಗ ಕಪ್ಪು ಕರಗುತ್ತ ಕೆಂಪು, ಕಿತ್ತಳೆ, ಹಳದಿ ಕ್ರಮವಾಗಿ ಹೊರಬೀಳುತ್ತವೆ. ಕಿತ್ತಳೆಯನ್ನು ನೀಲಿ ಅಡಗಿಸುತ್ತದೆ, ಹಳದಿಯನ್ನು ನೇರಳೆ. ಇದಕ್ಕಾಗಿಯೇ ‘ಆ್ಯಶ್’ ಎಂಬ ಶೇಡುಗಳಿರುವುದು. ಇಲ್ಲಿ ಭಾಷೆಯೊಂದು ತೊಡಕನ್ನು ಒಡ್ಡುತ್ತದೆ. ಆ್ಯಶ್ ಎಂದರೆ ಬೂದಿ. ಕನ್ನಡದಲ್ಲಿ ಬೂದುಬಣ್ಣ, ತೆಲುಗಿನಲ್ಲಿ ಬೂಡಿದ ರಂಗು. ಎರಡೂ ಭಾಷೆಗಳಲ್ಲಿ ಆ ಮಾತಿಗೆ ನರೆಯ ಹತ್ತಿರದ ಬಣ್ಣವೆಂದೇ ಅರ್ಥ. ಸಲೂನಿನ ಆ್ಯಶ್ ಆದರೋ ಕೆಂಪು ಹೊಳಪನ್ನು ಕಳೆದ ತಣ್ಣನೆಯ ಕಂದು. ನರೆ ಮುಚ್ಚಲು ಬಂದವರು ಇದನ್ನು ಬೂದು ಎಂದು ತಿಳಿದು ಬೇಡವೆಂದರೆ ಆಶ್ಚರ್ಯವಿಲ್ಲ.

ಗಡಿಯ ಊರುಗಳಲ್ಲಿ ಇಂಥ ತೊಡಕುಗಳು ಇನ್ನೂ ಇವೆ. ತೆಲುಗಿನಲ್ಲಿ ಜುಟ್ಟು ಎಂದರೆ ತಲೆಗೂದಲೆಲ್ಲವೂ ಹೌದು. ಕನ್ನಡದ ಜುಟ್ಟು ಹಿಂದಲೆಯ ಶಿಖೆಯಷ್ಟೆ. ಇದಕ್ಕೆ ಪ್ರತಿಯಾಗಿ ನರೆಯ ವಿಷಯದಲ್ಲಿ ನೆರೆಭಾಷೆಗಳು ಒಂದೇ ಮನೆಯವು: ಕನ್ನಡದ ನರೆ, ತಮಿಳಿನ ನರೈ, ತೆಲುಗಿನ ನೆರಯು. ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ‘ನೆರೆ’ ಎಂಬ ರೂಪವನ್ನೇ ವಿದ್ಯಾರ್ಥಿಗಳು ಕಂಡಿರುತ್ತಾರೆ. ನರೆಗೂದಲು, ಕಡುಗಂದು, ತಿಳಿಗಂದು ಎಂಬಲ್ಲಿ ಕಕಾರವು ಗಕಾರವಾಗುವ ಆದೇಶಸಂಧಿಯನ್ನೂ ಗಮನಿಸಬಹುದು. ಕೆಂಜೆಡೆ ಎಂಬ ಹಳೆಯ ಸಮಾಸವಿರುವ ಭಾಷೆಗೆ ತಾಮ್ರಗಂದು, ಹೊಂಗಂದು ಎಂಬ ಹೆಸರುಗಳನ್ನು ಕಟ್ಟಿಕೊಳ್ಳುವುದು ಕಷ್ಟವೇನಲ್ಲ. ಶೇಡ್ ಕಾರ್ಡುಗಳಿಗೆ ಮಾತ್ರ ಅವು ಇನ್ನೂ ಬೇಕಾಗಿವೆ.

ಮದರಂಗಿಯ ಪ್ರಸ್ತಾಪವನ್ನು ಬಣ್ಣ ಹಾಕುವವರೆದುರು ಮುಚ್ಚಿಡುವುದು ಅಪಾಯಕರ. ಕನ್ನಡದ ಗೋರಂಟಿ, ತೆಲುಗಿನ ಗೋರಿಂಟ ಒಂದೇ ಗಿಡ. ಅದರೆಲೆಯ ಲಾಸೋನ್ ಎಂಬ ವಸ್ತು ಕೆರಾಟಿನ್ನಿಗೆ ಅಂಟಿ ನರೆಗೂದಲನ್ನು ಕೆಂಗಿತ್ತಳೆಯಾಗಿಸುತ್ತದೆ. ಮೇಲೆ ನೀಲಿ ಎಲೆಯ ಪುಡಿ ಹಚ್ಚಿದರೆ ಕಪ್ಪಾಗುತ್ತದೆ. ಶುದ್ಧ ಎಲೆಯ ಪುಡಿಯಿಂದ ತೊಂದರೆ ಕಡಿಮೆ. ಮಾರುಕಟ್ಟೆಯ ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಗುಲಿದರೆ ಬಿಸಿಯೇರಿ ಎಳೆ ತುಂಡಾಗಬಹುದು, ಬಣ್ಣ ವಿಕಾರವಾಗಬಹುದು. ಕುತ್ತಿಗೆಯ ಬಳಿಯ ಒಂದು ಸಣ್ಣ ಎಳೆಯಲ್ಲಿ ಮೊದಲು ಪರೀಕ್ಷಿಸಿ ನೋಡುವವನೇ ಬಲ್ಲ ಕೆಲಸಗಾರ. ‘ಕಪ್ಪು ಮೆಹಂದಿ’ ಎಂದು ಮಾರಾಟವಾಗುವುದರಲ್ಲಿ ಪಿಪಿಡಿಯೇ ಇರುವುದುಂಟು. ಎಲೆಯ ಹೆಸರನ್ನು ನಂಬಿದವರು ಪೊಟ್ಟಣದ ಹಿಂಬದಿಯನ್ನು ಓದಬೇಕು.

ಪಿಪಿಡಿ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ತುರಿಕೆಯಿಂದ ತೊಡಗಿ ಮುಖ, ಕಣ್ಣುರೆಪ್ಪೆ ಊದಿಕೊಳ್ಳುವವರೆಗೆ ಇದರ ಪರಿಣಾಮ ಹೋಗಬಹುದು. ಹಲವು ವರ್ಷ ಏನೂ ಆಗದವರಿಗೂ ಒಂದು ದಿನ ಇದು ತೊಡಗಬಹುದು. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ 149ನೆಯ ನಿಯಮವು ಕೂದಲ ಬಣ್ಣದ ಪೊಟ್ಟಣದ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಗಳಲ್ಲಿಯೂ ಮುದ್ರಿಸಬೇಕೆಂದು ವಿಧಿಸಿತು. ಕಿವಿಯ ಹಿಂದೆ ಅಥವಾ ಮುಂದೋಳಿನ ಒಳಬದಿಯಲ್ಲಿ ತುಸು ಬಣ್ಣ ಹಚ್ಚಿ, 24 ಗಂಟೆಗಳ ನಂತರ ತೊಳೆದು ನೋಡಬೇಕು. ಪ್ರತಿ ಸಲವೂ ಹೀಗೆ ಮಾಡಬೇಕು. ಹುಬ್ಬಿಗೂ ರೆಪ್ಪೆಗೂದಲಿಗೂ ಹಚ್ಚಲೇಬಾರದು ಎಂಬುದು ಅದರ ತಾತ್ಪರ್ಯ. ಇಂಥ ಒಗ್ಗದಿಕೆ ತಡವಾಗಿ ಕಾಣುವ ಸ್ವಭಾವದ್ದಾದುದರಿಂದ 48 ಗಂಟೆ ಕಾಯುವುದು ಲೇಸು. ಮದುವೆಯ ಹಿಂದಿನ ಸಂಜೆ ಸಲೂನಿಗೆ ಹೋದವರಿಗೆ ಈ ಪರೀಕ್ಷೆಗೆ ಸಮಯವೇ ಇರುವುದಿಲ್ಲ. ಸ್ಥಳೀಯ ಭಾಷೆ ಎಂಬ ಮಾತು ಮಕ್ತಲದಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳಿಗೆ ಸಲ್ಲುತ್ತದೆ. ತೆಲುಗು ಆಡಬಲ್ಲ, ಕನ್ನಡವನ್ನಷ್ಟೇ ಓದಬಲ್ಲ ಮನೆಗಳಲ್ಲಿ ಆ ಸಣ್ಣಕ್ಷರದ ಚೀಟಿಯನ್ನು ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ಮಕ್ಕಳ ಪಾಲಿಗೆ ಬರುತ್ತದೆ.

ಒಪ್ಪಿದ ಬಣ್ಣ ಸಿಕ್ಕಿದ ದಿನ ಶೇಡಿನ ಅಂಕಿ, ಡೆವಲಪರಿನ ವಾಲ್ಯೂಮ್, ಇಟ್ಟ ನಿಮಿಷಗಳು ಇವನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ಕಂಪನಿಯ ಹೆಸರೂ ಜೊತೆಗಿರಬೇಕು. ಚುಕ್ಕೆಯ ನಂತರದ ಅಂಕಿಗಳು ಎಲ್ಲ ಕಂಪನಿಗಳಲ್ಲಿ ಒಂದೇ ಛಾಯೆಯನ್ನು ಸೂಚಿಸುವುದಿಲ್ಲ. ಗದ್ವಾಲದಲ್ಲಿ ಹಾಕಿಸಿದ ಬಣ್ಣಕ್ಕೆ ರಾಯಚೂರಿನಲ್ಲಿ ಟಚ್‌ಅಪ್ ಮಾಡಿಸುವವರಿಗೆ ಆ ಚೀಟಿಯೊಂದಿದ್ದರೆ ಬೇರಿನ ಬಣ್ಣವೂ ತುದಿಯ ಬಣ್ಣವೂ ಹೊಂದಿಕೊಳ್ಳುತ್ತವೆ.