ಹೊಗೆ ಕಾಣದ ಒಲೆ

ಒಲೆ ಹಚ್ಚಿದರೆ ಹೊಗೆ ಬರುತ್ತದೆ. ಹೊಗೆ ಕಂಡರೆ ಅಲ್ಲಿ ಯಾರೋ ಇದ್ದಾರೆ ಅಂತ ದೂರದವರಿಗೂ ಗೊತ್ತಾಗುತ್ತದೆ. ಅದರಿಂದ ನಮಗೇನು ಭಯ? ಆದರೆ ಯುದ್ಧದಲ್ಲಿ ಅದೇ ಹೊಗೆ ಪ್ರಾಣ ತೆಗೆಯುತ್ತದೆ.

ವಿಯೆಟ್ನಾಂ ಎಂಬ ದೇಶವಿದೆ. ಅಲ್ಲಿಯವರೂ ನಮ್ಮ ಹಾಗೆ ಅನ್ನ ಉಣ್ಣುವ ಜನ. ನಮ್ಮನ್ನು ಇಂಗ್ಲಿಷರು ಆಳಿದಂತೆ ಅವರನ್ನು ಫ್ರೆಂಚರು ಆಳಿದರು. 1946ರಿಂದ 1954ರವರೆಗೆ ಅಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯಿತು. ವಿಯೆಟ್ನಾಂ ಸೈನಿಕರು ಕಾಡಿನಲ್ಲಿ ಅಡಗಿ ಹೋರಾಡಿದರು. ಫ್ರೆಂಚರ ಹತ್ತಿರ ವಿಮಾನಗಳಿದ್ದವು. ಕಾಡಿನ ಮೇಲೆ ಹೊಗೆ ಕಂಡರೆ ಅಲ್ಲಿಗೆ ಬಾಂಬು ಹಾಕುತ್ತಿದ್ದರು.

ಹಾಗಾದರೆ ಅಡುಗೆ ಮಾಡೋದು ಹೇಗೆ? ಹಗಲು ಒಲೆ ಹಚ್ಚುವ ಹಾಗಿಲ್ಲ. ಕತ್ತಲಲ್ಲೇ ಬೇಯಿಸಬೇಕು. ಉಣ್ಣುವ ಹೊತ್ತಿಗೆ ಅನ್ನ ತಣ್ಣಗಾಗಿರುತ್ತಿತ್ತು.

ಆ ಸೈನ್ಯದಲ್ಲಿ ಹ್ವಾಂಗ್ ಕಮ್ ಎಂಬ ಅಡುಗೆಯವರಿದ್ದರು. ಅವರು ದೊಡ್ಡ ವಿಜ್ಞಾನಿಯಲ್ಲ. ದಿನಾ ಒಲೆ ಮುಂದೆ ಕೂತು ಬೇಯಿಸುವವರು. ಹೊಗೆಯ ಗುಣ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? 1951-52ರ ಹೊತ್ತಿಗೆ ಅವರು ಒಂದು ಹೊಸ ಒಲೆ ಮಾಡಿದರು.

ಅದನ್ನು ಮಾಡುವ ರೀತಿ ಹೀಗೆ:

1. ನೆಲದಲ್ಲಿ ಗುಂಡಿ ತೋಡಿ ಒಲೆ ಹೂಡಬೇಕು.

2. ಒಲೆಯ ಹಿಂದಿನಿಂದ ಉದ್ದಕ್ಕೆ ಸಣ್ಣ ಕಾಲುವೆಗಳನ್ನು ತೋಡಬೇಕು.

3. ಕಾಲುವೆಗಳ ಮೇಲೆ ಕೊಂಬೆ ಹಾಸಿ, ಹಸಿ ಮಣ್ಣು ಮುಚ್ಚಬೇಕು.

ಉರಿ ಹಚ್ಚಿದಾಗ ಹೊಗೆ ಈ ಕಾಲುವೆಯೊಳಗೆ ನುಗ್ಗುತ್ತದೆ. ಹೊಗೆ ಮೇಲಕ್ಕೆ ಏರುವುದು ಅದು ಬಿಸಿ ಇರುವುದರಿಂದ. ತಂಪಾದ ಹಸಿ ಮಣ್ಣಿನ ನಡುವೆ ಸಾಗುವಾಗ ಅದು ತಣ್ಣಗಾಗುತ್ತದೆ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದಲ್ಲ, ಹಾಗೆ ಹೊಗೆಯ ಮಸಿ ಮಣ್ಣಿಗೆ ಅಂಟುತ್ತದೆ. ಉಳಿದ ಹೊಗೆ ತೆಳ್ಳಗೆ ಹೊರಬಂದು ನೆಲದ ಹತ್ತಿರವೇ ಹರಡುತ್ತದೆ. ನೋಡಿದವರಿಗೆ ಬೆಳಗಿನ ಮಂಜಿನ ಹಾಗೆ ಕಾಣುತ್ತದೆ. ವಿಮಾನದವರಿಗೆ ಗುರುತೇ ಸಿಗುವುದಿಲ್ಲ!

ಈ ಒಲೆಯಿಂದ ಸೈನಿಕರಿಗೆ ಹಗಲಿನಲ್ಲೂ ಬಿಸಿ ಅನ್ನ ಸಿಕ್ಕಿತು. 1954ರಲ್ಲಿ ಡಿಯೆನ್ ಬಿಯೆನ್ ಫು ಎಂಬಲ್ಲಿ 56 ದಿನ ಕಾಳಗ ನಡೆಯಿತು. ಅಲ್ಲಿಯೂ ಇದೇ ಒಲೆಯಲ್ಲಿ ಅಡುಗೆ ಆಯಿತು. ಫ್ರೆಂಚರು ಸೋತರು. ಮುಂದೆ ಅಮೆರಿಕದ ಜೊತೆ ಯುದ್ಧವಾದಾಗಲೂ ಈ ಒಲೆ ಉರಿಯಿತು. ಆ ಅಡುಗೆಯವರ ಹೆಸರನ್ನೇ ಜನ ಒಲೆಗೆ ಇಟ್ಟರು.

ಅಕ್ಕ ತಂಗಿಯರೇ, ನಮ್ಮ ಮೇಲೆ ಬಾಂಬು ಬೀಳುವುದಿಲ್ಲ, ನಿಜ. ಆದರೆ ಮನೆಯೊಳಗೆ ತುಂಬಿದ ಹೊಗೆ ನಮಗೂ ಶತ್ರುವೇ. ಕಣ್ಣು ಉರಿಯುತ್ತದೆ, ಕೆಮ್ಮು ಹತ್ತುತ್ತದೆ, ಎದೆ ಹಾಳಾಗುತ್ತದೆ. ಮಡಿಲ ಕೂಸಿಗೂ ತಪ್ಪಿದ್ದಲ್ಲ. ಸೈನಿಕರು ಹೊಗೆಗೆ ನೆಲದೊಳಗೆ ದಾರಿ ಮಾಡಿದರು. ಮನೆಯಲ್ಲಿ ಅದಕ್ಕೆ ಸೂರಿನ ಮೇಲೆ ದಾರಿ ಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಗೆ ಇಂಥ ಕೊಳವೆ ಇದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮನೆಯೊಳಗೇ ತಿರುಗುತ್ತದೆ. ಆಗಾಗ ಮಸಿ ತೆಗೆಯಬೇಕು.

ಸೌದೆ ಒಲೆ ಇದ್ದರೆ ಇವತ್ತೇ ನೋಡಿ. ನಿಮ್ಮ ಒಲೆಯ ಹೊಗೆ ಎಲ್ಲಿಗೆ ಹೋಗುತ್ತಿದೆ?