ಬಣ್ಣ ತುಂಬಿದರೆ ಆತಂಕ ತಗ್ಗೀತೆ?

ಸಂಕ್ರಾಂತಿ ಬಂದರೆ ಹೈದರಾಬಾದಿನ ಅಂಗಳಗಳಲ್ಲಿ ಮುಗ್ಗು ಅರಳುತ್ತದೆ. ನಮ್ಮ ಚುಕ್ಕಿ ರಂಗೋಲಿಯಂಥ ಈ ಕೆಲಸವೂ ಧ್ಯಾನದ ಮಂಡಲವೂ ಬೇಡುವುದು ಒಂದನ್ನೇ, ಕದಲದ ಗಮನವನ್ನು. 2005ರಲ್ಲಿ ಪ್ರಕಟವಾದ ಅಮೆರಿಕದ ಕರಿ ಮತ್ತು ಕಾಸರ್ ಅವರ ಪ್ರಯೋಗದಲ್ಲಿ 84 ವಿದ್ಯಾರ್ಥಿಗಳಿದ್ದರು. ಖಾಲಿ ಹಾಳೆಯಲ್ಲಿ ತೋಚಿದಂತೆ ಬಣ್ಣ ಹಾಕಿದವರಿಗಿಂತ ಮಂಡಲಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿಯಿತು. ಚೌಕುಳಿ ವಿನ್ಯಾಸ ಸಿಕ್ಕವರದ್ದೂ ಹಾಗೆಯೇ ಇಳಿಯಿತಲ್ಲ, ಮಂಡಲದ ಮಹಿಮೆ ಎಲ್ಲಿ ಬಂತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೈಗೆ ಮೊದಲೇ ದಾರಿ ಹಾಕಿಕೊಡುವ ಗೆರೆಗಳ ಕಟ್ಟಿನಲ್ಲೇ ಗುಣವಿದೆ ಎಂಬುದು ನನ್ನ ಎಣಿಕೆ. ಆದರೆ ಆ ವಿದ್ಯಾರ್ಥಿಗಳು ಬಣ್ಣ ತುಂಬಿದ್ದು 20 ನಿಮಿಷ, ಅಳೆದದ್ದು ಆ ಹೊತ್ತಿನ ಆತಂಕ ಮಾತ್ರ. ಬಣ್ಣ ತುಂಬುವುದನ್ನೇ ಖಿನ್ನತೆಗೆ ಮದ್ದೆಂದು ಮಾರುವ ಕಾರ್ಯಾಗಾರಗಳಿಗೆ ದುಡ್ಡು ಸುರಿಯುವ ಬದಲು ವೈದ್ಯರನ್ನು ಕಾಣುವುದು ಒಳ್ಳೆಯದು. ರಂಗೋಲಿ ಹೇಗೂ ಪುಕ್ಕಟೆ.